ಏಳನೇ ಕ್ಲಾಸು ಮುಗಿಯಿತು, ಮಗಳನ್ನು ಬೆಂಗಳೂರು ಶಾಲೆಗೆ ಸೇರಿಸಬೇಕೇ?

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಮಗಳು ಒಂದನೇ ಕ್ಲಾಸಿನಿಂದಲೂ ಇಲ್ಲಿಯ ಅನುದಾನಿತ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಈಗ ಏಳನೇ ತರಗತಿ ಮುಗಿಯುತ್ತಿದೆ. ಅದೇ ಸಂಸ್ಥೆಯ ಹೈಸ್ಕೂಲೂ ಇದೆ. ಗಣಿತ ಅಂದರೆ ಅವಳಿಗೆ ಇಷ್ಟ. ಇಂಗ್ಲಿಷ್ ಓದುತ್ತಾಳೆ, ಮಾತಾಡು ಅಂದರೆ ಹಿಂಜರಿಯುತ್ತಾಳೆ. ನಮ್ಮ ಯಜಮಾನರಿಗೆ ಬೆಂಗಳೂರಿನ ಪೀಣ್ಯಕ್ಕೆ ವರ್ಗವಾಗಿದೆ. ದಾಸರಹಳ್ಳಿ ಹತ್ತಿರ ಬಾಡಿಗೆ ಮನೆ ನೋಡಿದ್ದೇವೆ, ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಬೆಂಗಳೂರಿನಲ್ಲಿರುವ ನಾದಿನಿ, ಜಯನಗರದ ಕಡೆಯ ಹೆಸರುವಾಸಿ ಹಳೆ ಶಾಲೆಗೆ ಸೇರಿಸಿ, ಭವಿಷ್ಯ ಭದ್ರ ಅನ್ನುತ್ತಾಳೆ. ಅಲ್ಲಿ ಡೊನೇಷನ್ ಇದೆ, ಕೊಟ್ಟಿದ್ದರಲ್ಲಿ ಅರ್ಧಕ್ಕೆ ಮಾತ್ರ ರಸೀದಿಯಂತೆ. ನೋಡಿದ ಮನೆಯ ಹತ್ತಿರವೇ ಹೊಸ ‘ಇಂಟರ್‌ನ್ಯಾಷನಲ್’ ಶಾಲೆ ಇದೆ, ಸಿಬಿಎಸ್‌ಇ ಅಂತ ಬೋರ್ಡು ಹಾಕಿದ್ದಾರೆ. ಅವರು ‘ಕನ್ನಡ ಮೀಡಿಯಂ ಮಗು, ಮತ್ತೆ ಏಳನೇ ಕ್ಲಾಸಿಗೇ ಹಾಕಬೇಕು’ ಅಂದರು. ನಮ್ಮ ಅತ್ತೆಯವರು ‘ಎಸ್ಸೆಸ್ಸೆಲ್ಸಿ ಮುಗಿಯೋತನಕ ಇಲ್ಲೇ ಬಿಡ್ರಿ, ನಾನು ನೋಡ್ಕೋತೀನಿ’ ಅಂತಾರೆ. ಟಿ.ಸಿ. ತಡವಾದರೆ ಎಲ್ಲೂ ಸೀಟು ಸಿಗಲ್ಲ ಅಂತ ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಕನ್ನಡ ಮಾಧ್ಯಮಕ್ಕೆ ಹಾಕಿ ತಪ್ಪು ಮಾಡಿದೆವಾ? ಯಾವ ಶಾಲೆ ಆರಿಸಬೇಕು?

ಉತ್ತರ:

ಕೊನೆಯಿಂದ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಪ್ಪು ಮಾಡಿಲ್ಲ. ಹನ್ನೆರಡರ ಹುಡುಗಿ ಗಣಿತ ಇಷ್ಟ ಅನ್ನುತ್ತಾಳೆ ಅಂದರೆ ಅವಳಿಗೆ ಪಾಠ ಅರ್ಥವಾಗಿದೆ. ಅರ್ಥವಾಗುವ ಭಾಷೆಯಲ್ಲಿ ಏಳು ವರ್ಷ ಕಲಿತದ್ದರ ಫಲ ಅದು. ಇಂಗ್ಲಿಷ್ ಮಾಧ್ಯಮದಲ್ಲಿ ಏಳು ವರ್ಷ ಕೂತು, ಪ್ರಶ್ನೋತ್ತರ ಬಾಯಿಪಾಠ ಮಾಡಿ, ಭಿನ್ನರಾಶಿ ಕೂಡಿಸಲು ಬಾರದೆ ಹೈಸ್ಕೂಲಿಗೆ ಬಂದ ಮಕ್ಕಳನ್ನು ನಾನು ಮುಖ್ಯಶಿಕ್ಷಕನಾಗಿ ದಾವಣಗೆರೆಯಲ್ಲೂ ನೋಡಿದ್ದೇನೆ, ಬೆಂಗಳೂರಿನಲ್ಲೂ ನೋಡಿದ್ದೇನೆ. ಅವರ ಜೊತೆ ಮಾಡಬೇಕಾದ ಕೆಲಸ ನಿಮ್ಮ ಮಗಳ ಜೊತೆ ಮಾಡಬೇಕಾದದ್ದಕ್ಕಿಂತ ಹೆಚ್ಚು ಕಷ್ಟದ್ದು.

ಯಾವ ಶಾಲೆ ಎಂದು ಕೇಳಿದ್ದೀರಿ. ಪತ್ರ ಓದುತ್ತಾ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮಗಳ ಮುಂದೆ ಮೂರು ಬದಲಾವಣೆಗಳು ಒಟ್ಟಿಗೇ ಬಂದು ನಿಂತಿವೆ: ಊರು, ಪಾಠದ ಮಾಧ್ಯಮ, ಸಿಲಬಸ್. ಊರು ಬದಲಾಗುತ್ತಿರುವುದು ನಿಮ್ಮ ಯಜಮಾನರ ನೌಕರಿಯಿಂದ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಉಳಿದೆರಡು ನಿಮ್ಮ ಕೈಯಲ್ಲಿವೆ. ನನ್ನ ಅನುಭವದಲ್ಲಿ ಮಕ್ಕಳು ಎರಡು ಬದಲಾವಣೆ ತಾಳಿಕೊಳ್ಳುತ್ತಾರೆ, ಮೂರು ಒಟ್ಟಿಗೆ ಬಿದ್ದರೆ ಚುರುಕಾದವರೂ ಒಂದು ವರ್ಷ ಮಂಕಾಗುತ್ತಾರೆ. ಆದ್ದರಿಂದ ಯಾವ ವರ್ಷ ಹೋಗುವುದು, ಯಾವುದನ್ನು ಬದಲಿಸದೆ ಉಳಿಸಿಕೊಳ್ಳುವುದು ಎಂಬುದನ್ನು ಮೊದಲು ತೀರ್ಮಾನಿಸಿ. ಶಾಲೆಯ ಹೆಸರು ಆಮೇಲೆ.

ಅದಕ್ಕೂ ಮುಂಚೆ ನಿಮ್ಮ ನಿದ್ದೆ ಕೆಡಿಸಿರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಟಿ.ಸಿ. ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ, ಎಂಟನೇ ತರಗತಿಯವರೆಗಿನ ಮಗು ಬೇರೆ ಶಾಲೆಗೆ ಹೋಗಲು ಬಯಸಿದರೆ ಮುಖ್ಯಶಿಕ್ಷಕರು ತಕ್ಷಣ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಆದರೆ ಇಲ್ಲೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಈ ವರ್ಗಾವಣೆಯ ಹಕ್ಕು ಇರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೇರುವುದಕ್ಕೆ. ಅನುದಾನರಹಿತ ಖಾಸಗಿ ಶಾಲೆಯಲ್ಲಿ ಸೀಟು ಕೊಡಲೇಬೇಕೆಂದು ಈ ಕಲಂ ತೋರಿಸಿ ಕೇಳಲು ಬರುವುದಿಲ್ಲ. ಹಾಗಂತ ಹೆದರಬೇಕಿಲ್ಲ. ನಮ್ಮಲ್ಲಿ ಏಳಕ್ಕೆ ಹಿರಿಯ ಪ್ರಾಥಮಿಕ ಮುಗಿದು ಎಂಟಕ್ಕೆ ಹೈಸ್ಕೂಲು ಶುರುವಾಗುವುದರಿಂದ, ಏಪ್ರಿಲ್-ಮೇನಲ್ಲಿ ಸಾವಿರಾರು ಮಕ್ಕಳು ಟಿ.ಸಿ. ಹಿಡಿದು ಓಡಾಡುತ್ತಿರುತ್ತಾರೆ. ನಿಮ್ಮ ಮಗಳೂ ಅವರಲ್ಲೊಬ್ಬಳು, ಅಷ್ಟೇ.

ಮತ್ತೆ ಏಳಕ್ಕೇ ಹಾಕಬೇಕು ಎಂಬ ಮಾತಿಗೆ ಒಪ್ಪಲೇಬೇಡಿ. ಏಳು ತೇರ್ಗಡೆಯಾದ ಮಗುವಿನ ಜಾಗ ಎಂಟನೇ ತರಗತಿ. ಹಿಂದಕ್ಕೆ ಹಾಕುವುದರಿಂದ ಶಾಲೆಗೆ ಒಂದು ವರ್ಷದ ಫೀಸು ಹೆಚ್ಚು ಸಿಗುತ್ತದೆ, ಹತ್ತನೆಯ ಫಲಿತಾಂಶಕ್ಕೆ ಅಪಾಯ ಕಡಿಮೆಯಾಗುತ್ತದೆ. ಮಗಳಿಗೆ ಸಿಗುವುದು ಗೊತ್ತಿರುವ ಪಾಠವನ್ನೇ ಇನ್ನೊಮ್ಮೆ ಕೇಳುವ ಬೇಸರ, ಜೊತೆಗೆ ‘ನಾನು ಫೇಲಾದವಳೇನೋ’ ಎಂಬ ಭಾವನೆ. ಆ ವಯಸ್ಸಿಗೆ ಇದು ಸಣ್ಣ ಪೆಟ್ಟಲ್ಲ. ಪ್ರವೇಶಕ್ಕಾಗಿ ಪರೀಕ್ಷೆ ಇಟ್ಟು ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸುವುದನ್ನೂ ಅದೇ ಕಾಯ್ದೆಯ 13ನೇ ಕಲಂ ನಿಷೇಧಿಸಿದೆ. ಮೊದಲ ತಪ್ಪಿಗೆ 25 ಸಾವಿರ ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50 ಸಾವಿರದವರೆಗೆ ದಂಡ. ಸೇರಿಸಿಕೊಂಡ ಮೇಲೆ ಮಗು ಎಲ್ಲಿ ಹಿಂದಿದೆ ಎಂದು ತಿಳಿಯಲು ಒಂದು ಕಿರುಪರೀಕ್ಷೆ ಕೊಟ್ಟರೆ ಅದು ಬೇರೆ, ಅದಕ್ಕೆ ಬೇಸರಿಸಬೇಡಿ.

ಡೊನೇಷನ್. ಕರ್ನಾಟಕದಲ್ಲಿ 1984ರಿಂದಲೂ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಇದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ಪಡೆದ ಹಣದ ಹತ್ತರಷ್ಟು ದಂಡದ ಮಾತೂ ಇದೆ. ಆದರೂ ಕಟ್ಟಡ ನಿಧಿ, ಅಭಿವೃದ್ಧಿ ನಿಧಿ, ಟ್ರಸ್ಟಿಗೆ ಕಾಣಿಕೆ ಎಂದು ಹೆಸರು ಬದಲಿಸಿಕೊಂಡು ನಡೆಯುತ್ತಲೇ ಇದೆ. ಸೀಟು ಕೈಗೆ ಬರುವ ಮುಂಚೆ ಯಾವ ತಂದೆತಾಯಿಯೂ ದೂರು ಕೊಡುವುದಿಲ್ಲ, ಬಂದ ಮೇಲೆ ಮಗು ಅಲ್ಲೇ ಓದಬೇಕಲ್ಲ ಅಂತ ಸುಮ್ಮನಾಗುತ್ತಾರೆ. ಇದು ಶಾಲೆಯವರಿಗೂ ಗೊತ್ತು. ನಾನು ಹೇಳುವುದಿಷ್ಟೆ: ರಸೀದಿ ಇಲ್ಲದ ಹಣ ಕೊಡಬೇಡಿ. ತತ್ವದ ಮಾತು ಪಕ್ಕಕ್ಕಿಡಿ, ವ್ಯವಹಾರವಾಗಿ ನೋಡಿದರೂ ಇದು ನಷ್ಟವೇ. ಮಗಳಿಗೆ ಆ ಶಾಲೆ ಒಗ್ಗದೆ ನಾಲ್ಕು ತಿಂಗಳಿಗೆ ಬಿಡಿಸಬೇಕಾಗಿ ಬಂದರೆ, ರಸೀದಿ ಇಲ್ಲದ ದುಡ್ಡಿನ ಬಗ್ಗೆ ಮಾತೆತ್ತಲೂ ಆಗುವುದಿಲ್ಲ. ಕೊಟ್ಟುಬಿಟ್ಟಿದ್ದೇವಲ್ಲ ಎಂಬ ಒಂದೇ ಕಾರಣಕ್ಕೆ ಒಗ್ಗದ ಶಾಲೆಯಲ್ಲಿ ಮಕ್ಕಳನ್ನು ಮೂರು ವರ್ಷ ಇಟ್ಟವರಿದ್ದಾರೆ.

ಈಗ ನಿಮ್ಮ ನಾದಿನಿ ಹೇಳುವ ಹಳೆ ಶಾಲೆ. ಹಳೆಯದು ಅಂದರೆ ಒಳ್ಳೆಯದು ಎಂಬ ನಂಬಿಕೆಗೆ ಬೆಂಗಳೂರಿನಲ್ಲಿ ಕಾರಣವಿದೆ. ದಂಡು ಪ್ರದೇಶದಲ್ಲಿ 1858ರಲ್ಲಿ ಸೇಂಟ್ ಜೋಸೆಫ್ಸ್, 1865ರಲ್ಲಿ ಬಿಷಪ್ ಕಾಟನ್ ಶುರುವಾದವು. 1898ರ ಪ್ಲೇಗಿನ ನಂತರ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಕಟ್ಟಿದರು, ಅವರ ಬೆನ್ನಿಗೇ ಶಾಲೆಗಳೂ ಬಂದವು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರದು. ಅಲ್ಲಿ ಓದಲೆಂದು 1935ರಲ್ಲಿ ಗೌರಿಬಿದನೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ ಮುಂದೆ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರಾದದ್ದು ನಿಮಗೆ ಗೊತ್ತಿರಬಹುದು. ಇಂಥ ಶಾಲೆಗಳು ಹೆಸರು ಮಾಡಿದ್ದು ಸುತ್ತಲಿನ ನಾಲ್ಕಾರು ಬೀದಿಗಳ ಮಕ್ಕಳು ನಡೆದು ಬರುತ್ತಿದ್ದ ಕಾಲದಲ್ಲಿ. ಮೇಷ್ಟ್ರು ಅದೇ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುತ್ತಿದ್ದರು, ಸಂಜೆ ಮಗುವಿನ ಅಪ್ಪನನ್ನು ದೇವಸ್ಥಾನದಲ್ಲೋ ಹೋಟೆಲಿನಲ್ಲೋ ಕಾಣುತ್ತಿದ್ದರು. ಅಂಥ ಕಡೆ ಮಗು ಹಾದಿ ತಪ್ಪಿದರೆ ಒಂದೇ ದಿನಕ್ಕೆ ಮನೆಗೆ ಸುದ್ದಿ ಮುಟ್ಟುತ್ತಿತ್ತು.

ಶಾಲೆ ಅಲ್ಲೇ ಇದೆ, ಊರು ಅದನ್ನು ಬಿಟ್ಟು ಹೊರಗೆ ಹರಡಿಕೊಂಡಿದೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 65 ಲಕ್ಷ, 2011ರಲ್ಲಿ 96 ಲಕ್ಷ. ಆ ಹತ್ತು ವರ್ಷದಲ್ಲಿ ಹೆಚ್ಚಾದ ಜನರೆಲ್ಲ ಬಸವನಗುಡಿ, ಜಯನಗರದಲ್ಲಿ ನೆಲೆಸಲು ಜಾಗವಿರಲಿಲ್ಲ. ಬಹುಪಾಲು ಜನ ಹೋದದ್ದು ಊರಿನ ಅಂಚಿಗೆ. ಹಾಗಾಗಿ ಹಳೆ ಶಾಲೆಗೆ ಮಕ್ಕಳು ಈಗ ಬರುವುದು ದೂರದೂರದಿಂದ. ದಾಸರಹಳ್ಳಿಯಿಂದ ಜಯನಗರಕ್ಕೆ ಮೆಟ್ರೋ ಹಸಿರು ಮಾರ್ಗದಲ್ಲಿ ಬದಲಿಸದೆ ಹೋಗಬಹುದು ನಿಜ, ಗಾಡಿಯಲ್ಲಿ ಕೂತಿರುವ ಹೊತ್ತು ಮುಕ್ಕಾಲು ಗಂಟೆಯೊಳಗೆ. ಅದಕ್ಕೆ ಈ ಕಡೆ ಮನೆಯಿಂದ ನಿಲ್ದಾಣ, ಆ ಕಡೆ ನಿಲ್ದಾಣದಿಂದ ಶಾಲೆ ಸೇರಿಸಿ. ಬೆಳಗಿನ ಜಂಗುಳಿಯಲ್ಲಿ ಹತ್ತು ಕೆಜಿ ಚೀಲ ಹೊತ್ತ ಹದಿಮೂರರ ಹುಡುಗಿಯನ್ನೂ ಸೇರಿಸಿ. ಮೊದಲ ವರ್ಷ ನೀವೇ ಜೊತೆಗೆ ಹೋಗಬೇಕಾಗುತ್ತದೆ. ಶಾಲೆಯ ಬಸ್ಸಾದರೆ ಮೈಸೂರು ಬ್ಯಾಂಕ್ ವೃತ್ತ, ಮೆಜೆಸ್ಟಿಕ್, ಯಶವಂತಪುರ ದಾಟುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಮಾಧ್ಯಮ ಬದಲಿಸಿದ ಮಗುವಿಗೆ ಸಂಜೆ ಮನೆಯಲ್ಲಿ ಒಂದೂವರೆ ಗಂಟೆ ಹೆಚ್ಚು ಓದು ಬೇಕೇಬೇಕು. ಆ ಒಂದೂವರೆ ಗಂಟೆಯನ್ನು ರಸ್ತೆಗೆ ಕೊಟ್ಟುಬಿಟ್ಟರೆ ಶಾಲೆಯ ಹೆಸರು ಎಷ್ಟು ದೊಡ್ಡದಿದ್ದರೂ ಉಪಯೋಗವಿಲ್ಲ. ನಿಮ್ಮ ಮನೆಯೇ ಜಯನಗರದಲ್ಲಿದ್ದಿದ್ದರೆ ನನ್ನ ಉತ್ತರ ಬೇರೆ ಆಗುತ್ತಿತ್ತು.

ಹಾಗಾದರೆ ಮನೆ ಹತ್ತಿರದ ಹೊಸ ಶಾಲೆಯೇ? ಅಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಬೆಳೆಯುತ್ತಿರುವ ಊರಿನ ಅಂಚಿನಲ್ಲಿ ಶಾಲೆಗಳು ಒಂದನೇ ಕ್ಲಾಸಿನಿಂದ ಶುರುವಾಗಿ ವರ್ಷಕ್ಕೊಂದು ತರಗತಿ ಏರುತ್ತಾ ಹೋಗುತ್ತವೆ. ಪ್ರಾಥಮಿಕಕ್ಕೆ ಮಾನ್ಯತೆ ಇರುತ್ತದೆ, ಹೈಸ್ಕೂಲಿಗೆ ‘ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತೆ’ ಅನ್ನುತ್ತಾರೆ. ಬಾರದಿದ್ದರೆ ಹತ್ತನೇ ತರಗತಿಯಲ್ಲಿ ಮಕ್ಕಳನ್ನು ಇನ್ನೊಂದು ಶಾಲೆಯ ಹೆಸರಿನಲ್ಲಿ ಪರೀಕ್ಷೆಗೆ ಕೂರಿಸುವ ಪರಿಸ್ಥಿತಿ ಬರುತ್ತದೆ. ಸಿಬಿಎಸ್‌ಇ ಬೋರ್ಡಿನ ಕಥೆಯೂ ಇದೇ. 2023ರ ಆರಂಭದಲ್ಲಿ, ರಾಜ್ಯ ಸರ್ಕಾರ ಐದು ಮತ್ತು ಎಂಟನೇ ತರಗತಿಗೆ ಮೌಲ್ಯಾಂಕನ ಪರೀಕ್ಷೆ ತಂದಾಗ, ಸಿಬಿಎಸ್‌ಇ ಅಂದುಕೊಂಡು ಫೀಸು ಕಟ್ಟಿದ್ದ ಬೆಂಗಳೂರಿನ ಎಷ್ಟೋ ಪೋಷಕರಿಗೆ ತಮ್ಮ ಶಾಲೆ ದಾಖಲೆಯಲ್ಲಿ ರಾಜ್ಯ ಪಠ್ಯಕ್ರಮದ್ದೆಂದು ಆಗಷ್ಟೇ ತಿಳಿಯಿತು. ಗೇಟಿನ ಮುಂದೆ ಕೂತು ಪ್ರತಿಭಟಿಸಿದರು.

ಆದ್ದರಿಂದ ಯಾವ ಖಾಸಗಿ ಶಾಲೆಗೆ ಹೋದರೂ ಮೊದಲು ಎಂಟರಿಂದ ಹತ್ತನೇ ತರಗತಿವರೆಗಿನ ಮಾನ್ಯತಾ ಆದೇಶದ ಪ್ರತಿ ಕೇಳಿ. ಪ್ರತಿ ಶಾಲೆಗೂ ಸರ್ಕಾರ ಕೊಡುವ 11 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಯು-ಡೈಸ್ ಸಂಖ್ಯೆ ಕೇಳಿ. ಕರ್ನಾಟಕದ ಶಾಲೆಯಾದರೆ 29ರಿಂದ ಶುರುವಾಗುತ್ತದೆ. ಆ ಸಂಖ್ಯೆ ಹಾಕಿದರೆ ಯು-ಡೈಸ್ ಜಾಲತಾಣದಲ್ಲಿ ಶಾಲೆ ಎಷ್ಟನೇ ತರಗತಿವರೆಗೆ ಇದೆ ಎಂಬುದು ಕಾಣುತ್ತದೆ. ಸಿಬಿಎಸ್‌ಇ ಎಂದರೆ ಸಂಯೋಜನಾ (ಅಫಿಲಿಯೇಷನ್) ಸಂಖ್ಯೆ, ಅದು ಹತ್ತನೇ ತರಗತಿವರೆಗೆ ಇದೆಯೇ ಎಂಬುದು ಮಂಡಳಿಯ ಜಾಲತಾಣದಲ್ಲೇ ಸಿಗುತ್ತದೆ. ಕೇಳಿದರೆ ಆಫೀಸಿನವರು ಮುಖ ಗಂಟು ಹಾಕಬಹುದು, ಹಾಕಲಿ. ಅನುಮಾನ ಬಂದರೆ ಆ ಭಾಗದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಬೆಂಗಳೂರು ಉತ್ತರ, ದಕ್ಷಿಣ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ, ಒಂದೊಂದರಲ್ಲೂ ಹಲವು ಬಿಇಒ ವಲಯಗಳು. ನಿಮ್ಮ ಮನೆ ಯಾವ ವಲಯಕ್ಕೆ ಬರುತ್ತದೆ ಎಂದು ಹತ್ತಿರದ ಯಾವ ಸರ್ಕಾರಿ ಶಾಲೆಯಲ್ಲಿ ಕೇಳಿದರೂ ಹೇಳುತ್ತಾರೆ.

ಇನ್ನು ಮಾಧ್ಯಮ. ಎಲ್ಲರೂ ಹೆದರಿಸುವುದು ಇಲ್ಲೇ, ಲೆಕ್ಕ ಹಾಕಿ ನೋಡುವವರು ಕಡಿಮೆ. ನಾವು ಇಷ್ಟು ವರ್ಷ ನೋಡಿಕೊಂಡು ಬಂದ ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಎರಡು ಭಾಷೆಗೆ ನೂರು ನೂರು. ನಿಮ್ಮ ಮಗಳು ಈಗ ಓದುತ್ತಿರುವಂತೆ ಪ್ರಥಮ ಭಾಷೆ ಕನ್ನಡ, ದ್ವಿತೀಯ ಇಂಗ್ಲಿಷ್, ತೃತೀಯ ಹಿಂದಿ ಇರುವ ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿದರೆ ಆ 325 ಅಂಕಗಳ ವಿಷಯದಲ್ಲಿ ಅವಳಿಗೆ ಏನೂ ಬದಲಾಗುವುದಿಲ್ಲ. ಭಾಷೆ ಬದಲಾಗುವುದು ಗಣಿತ, ವಿಜ್ಞಾನ, ಸಮಾಜ ಈ ಮೂರಕ್ಕೆ. ಅದರಲ್ಲೂ ಗಣಿತದಲ್ಲಿ ಅವಳು ಗಟ್ಟಿ. ರಾಜ್ಯ ಪಠ್ಯಪುಸ್ತಕಗಳಲ್ಲಿ ಕನ್ನಡ, ಇಂಗ್ಲಿಷ್ ಎರಡರ ಪಾಠಗಳೂ ಒಂದೇ, ಚಿತ್ರಗಳೂ ಅವೇ, ಅಭ್ಯಾಸಗಳೂ ಅವೇ. ಹೊರಗಿನಿಂದ ಬೆಟ್ಟವಾಗಿ ಕಾಣುವುದು ಹತ್ತಿರ ಹೋದರೆ ಎರಡು ವಿಷಯಗಳ ಉತ್ತರ ಬರೆಯುವ ಕೆಲಸ.

ಅದು ಸುಲಭದ ಕೆಲಸ ಎನ್ನುತ್ತಿಲ್ಲ. ಹೊಸ ಭಾಷೆಯಲ್ಲಿ ಆಡುಮಾತು ಒಂದೆರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆ ಪೂರ್ತಿ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂದು ಕೆನಡಾದ ಭಾಷಾಶಿಕ್ಷಣ ತಜ್ಞ ಜಿಮ್ ಕಮಿನ್ಸ್ ಬಹಳ ಹಿಂದೆಯೇ ತೋರಿಸಿದ್ದಾರೆ. ಅದನ್ನು ತರಗತಿಯಲ್ಲಿ ನಿತ್ಯ ಕಂಡಿದ್ದೇನೆ. ಬೆಂಗಳೂರಿಗೆ ಬಂದ ಮಗು ದೀಪಾವಳಿ ಹೊತ್ತಿಗೆ ಗೆಳತಿಯರ ಜೊತೆ ಇಂಗ್ಲಿಷಿನಲ್ಲಿ ಹರಟುತ್ತದೆ. ಪರವಾಗಿಲ್ಲ, ಕಲಿತುಬಿಟ್ಟಳು ಎಂದು ಮನೆಯವರು ನೆಮ್ಮದಿಯಾಗುತ್ತಾರೆ. ಅದೇ ಮಗು ವಿಜ್ಞಾನದ ಪತ್ರಿಕೆಯಲ್ಲಿ ‘ಕಾರಣ ಕೊಡಿ’ ಎಂಬ ಪ್ರಶ್ನೆಗೆ ಒಂದು ಸಾಲು ಬರೆದು ನಿಲ್ಲಿಸಿರುತ್ತದೆ. ಕಾರಣ ಅವಳಿಗೆ ಗೊತ್ತು, ಕನ್ನಡದಲ್ಲಿ ಕೇಳಿದರೆ ನಿಂತಲ್ಲೇ ಹೇಳುತ್ತಾಳೆ. ಗಣಿತದಲ್ಲೂ ಲ.ಸಾ.ಅ. ಮಾಡಲು ಬರುತ್ತದೆ, ಆದರೆ ಎರಡು ಗಂಟೆಗಳು ಎಷ್ಟು ನಿಮಿಷಕ್ಕೊಮ್ಮೆ ಒಟ್ಟಿಗೆ ಬಾರಿಸುತ್ತವೆ ಎಂಬ ಇಂಗ್ಲಿಷ್ ವಾಕ್ಯ ಓದಿದಾಗ ಕೇಳುತ್ತಿರುವುದು ಅದನ್ನೇ ಎಂದು ಹೊಳೆಯುವುದಿಲ್ಲ. ಮೊದಲ ಅರ್ಧ ವರ್ಷ ಅಂಕ ಇಳಿಯುತ್ತದೆ. ಇಳಿಯಲಿ ಎಂದು ನೀವಿಬ್ಬರೂ ಮೊದಲೇ ಮಾತಾಡಿಕೊಂಡಿರಿ. ಇಳಿದಾಗ ನಿಮ್ಮ ಮುಖ ಬಾಡಿದರೆ ಅವಳು ಅದನ್ನು ತನ್ನ ದಡ್ಡತನವೆಂದೇ ಓದಿಕೊಳ್ಳುತ್ತಾಳೆ.

ಇದಕ್ಕೆ ನಾನು ಮಾಡಿಸಿ ನೋಡಿದ, ದುಡ್ಡೇ ಬೇಡದ ಒಂದು ದಾರಿ ಇದೆ. ಬೇಸಿಗೆ ರಜೆಯಲ್ಲಿ ಎಂಟನೇ ತರಗತಿಯ ಪುಸ್ತಕ ಮುಟ್ಟಬೇಡಿ. ಏಳನೇ ತರಗತಿಯ ಗಣಿತ, ವಿಜ್ಞಾನ, ಸಮಾಜದ ಇಂಗ್ಲಿಷ್ ಮಾಧ್ಯಮದ ಪುಸ್ತಕ ತನ್ನಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು, ಇಲ್ಲವೇ ಅಕ್ಕಪಕ್ಕದಲ್ಲಿ ಏಳು ಮುಗಿಸಿದವರ ಹಳೆ ಪುಸ್ತಕ ಕೇಳಿ. ಅವಳಿಗೆ ಚೆನ್ನಾಗಿ ಗೊತ್ತಿರುವ ಪಾಠವನ್ನೇ ಇಂಗ್ಲಿಷಿನಲ್ಲಿ ಓದಲಿ, ಪಕ್ಕದಲ್ಲಿ ಕನ್ನಡದ ಪುಸ್ತಕ ಇರಲಿ. ವಿಷಯ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಕಡೆ ಹೋಗುತ್ತದೆ. ದಿನಕ್ಕೊಂದು ‘ಕಾರಣ ಕೊಡಿ’ ಪ್ರಶ್ನೆಗೆ ಮೊದಲು ಬಾಯಲ್ಲಿ ಕನ್ನಡದಲ್ಲಿ ಉತ್ತರ, ಆಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲು ಬರಹ. ತಪ್ಪು ಇಂಗ್ಲಿಷ್ ಆದರೂ ಸರಿ, ಬರೆಯಲಿ. ಎರಡು ತಿಂಗಳು ಇಷ್ಟು ನಡೆದರೆ ಜೂನ್‌ನಲ್ಲಿ ತರಗತಿಯಲ್ಲಿ ಕಿವಿಗೆ ಬೀಳುವ ಪದಗಳಲ್ಲಿ ಬಹಳಷ್ಟು ಪರಿಚಿತವಾಗಿರುತ್ತವೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯಬೇಡಿ. ಮಾತು ಬೆಂಗಳೂರು ತಾನಾಗಿ ಕಲಿಸುತ್ತದೆ. ಅಂದಹಾಗೆ ಮೊದಲಿಗೆ ಅಲ್ಲಿಯ ಮಕ್ಕಳು ನಗುವುದು ಇವಳ ಇಂಗ್ಲಿಷಿಗಿಂತ ನಮ್ಮ ಕಡೆಯ ಕನ್ನಡಕ್ಕೇ ಹೆಚ್ಚು. ಅದು ತಿಂಗಳೊಪ್ಪತ್ತಿನ ಮಾತು, ಮುಂಚೆಯೇ ಹೇಳಿಟ್ಟರೆ ಅವಳೂ ಜೊತೆಗೆ ನಗುತ್ತಾಳೆ.

ಈಗ ದಾರಿಗಳು.

ನನಗೆ ಹೆಚ್ಚು ಸರಿ ಕಾಣುವುದು, ಈ ಜೂನ್‌ಗೇ ಮೂವರೂ ಹೋಗಿ, ಮನೆಯಿಂದ ನಡೆದೋ ಇಪ್ಪತ್ತು ನಿಮಿಷದ ಬಸ್ಸಿನಲ್ಲೋ ಮುಟ್ಟುವ, ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಸೇರಿಸುವುದು. ಊರು ಮತ್ತು ಮಾಧ್ಯಮ ಬದಲಾಗುತ್ತವೆ, ಸಿಲಬಸ್ ಉಳಿಯುತ್ತದೆ. ಅನುದಾನಿತ ಹೈಸ್ಕೂಲು ಸಿಕ್ಕರೆ ಇನ್ನೂ ಒಳ್ಳೆಯದು. ಫೀಸು ಕಡಿಮೆ ಎಂಬುದಷ್ಟೇ ಅಲ್ಲ, ಎಂಟಕ್ಕೆ ಶುರುವಾಗುವ ಹೈಸ್ಕೂಲಿನಲ್ಲಿ ಎಲ್ಲರೂ ಹೊಸಬರು. ಎಲ್‌ಕೆಜಿಯಿಂದ ಒಟ್ಟಿಗೆ ಬೆಳೆದ ಗುಂಪಿನೊಳಗೆ ಜಾಗ ಹುಡುಕಿಕೊಳ್ಳುವ ಕಷ್ಟ ಇರುವುದಿಲ್ಲ. ಸೇರಿಸುವ ಮುಂಚೆ ಎರಡು ಪ್ರಶ್ನೆ ಮರೆಯಬೇಡಿ: ಪ್ರಥಮ ಭಾಷೆಯಾಗಿ ಕನ್ನಡ ಕೊಡುತ್ತೀರಾ? ವಿಜ್ಞಾನಕ್ಕೆ ಪಾಠ ಮಾಡುವವರು ಎಷ್ಟು ವರ್ಷದಿಂದ ಇಲ್ಲಿದ್ದಾರೆ? ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಪ್ರಥಮ ಭಾಷೆ ಇಂಗ್ಲಿಷ್ ಅಥವಾ ಸಂಸ್ಕೃತ, ಕನ್ನಡ ದ್ವಿತೀಯ. ಹಾಗಾದರೆ ಮೇಲೆ ಹೇಳಿದ 325ರ ಲೆಕ್ಕ ಏರುಪೇರಾಗುತ್ತದೆ. ಇನ್ನು ವರ್ಷಕ್ಕೆರಡು ಸಲ ಮೇಷ್ಟ್ರು ಬದಲಾಗುವ ಶಾಲೆಯಲ್ಲಿ ಮಾಧ್ಯಮ ಬದಲಿಸಿದ ಮಗುವಿನ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ದಾರಿಯ ಅಪಾಯ ಮೊದಲ ವರ್ಷದ ಅಂಕ, ಅದನ್ನು ಆಗಲೇ ಹೇಳಿದ್ದೇನೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅದರಲ್ಲಿ ತಿರುಳಿದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಸಿಇಟಿ ಮೂಲಕ ಹಂಚುವ ವೃತ್ತಿಪರ ಕೋರ್ಸುಗಳ ಸೀಟಿನಲ್ಲಿ ಶೇ. 5ರಷ್ಟು ಮೀಸಲು ಇದೆ. ಎಂಟಕ್ಕೆ ಮಾಧ್ಯಮ ಬದಲಿಸಿದ ದಿನವೇ ಅದು ಕೈತಪ್ಪುತ್ತದೆ, ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. (ಜಗಳೂರು, ಹೊನ್ನಾಳಿ ಕಡೆಯ ಹಳ್ಳಿ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಇನ್ನೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಹತ್ತು ವರ್ಷವೂ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15ರ ಮೀಸಲು ಇದೆ. ನಿಮ್ಮ ಮಗಳದು ನಗರದ ಶಾಲೆ, ಅವಳಿಗೆ ಇದು ಅನ್ವಯಿಸುವುದಿಲ್ಲ.) ಓದಲು ಕಾಲೇಜು ಬೇಕು ಅಂದರೂ ದಾವಣಗೆರೆ ಬಿಟ್ಟು ಓಡಬೇಕಾದ ಊರೇನಲ್ಲ, 1951ರ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ವೈದ್ಯಕೀಯ ಕಾಲೇಜು ಇರುವ ಊರು. ಬೆಂಗಳೂರಿನ ಮಕ್ಕಳೇ ಸೀಟು ಹುಡುಕಿಕೊಂಡು ಇಲ್ಲಿಗೆ ಬಂದು ರೂಮು ಮಾಡಿಕೊಂಡಿರುವುದನ್ನು ನೀವೇ ನೋಡಿರುತ್ತೀರಿ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಪಾಠ ಇಂಗ್ಲಿಷಿನಲ್ಲೇ. ಇಲ್ಲೇ ಉಳಿದರೆ ಮಾಧ್ಯಮದ ಬದಲಾವಣೆ ತಪ್ಪುವುದಿಲ್ಲ, ಮೂರು ವರ್ಷ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಆಗ ಅದು ಸಿಇಟಿ, ನೀಟ್ ಓದಿನ ಜೊತೆಗೇ ಬಂದು ಬೀಳುತ್ತದೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿಗೆ ತೊಂಬತ್ತರ ಮೇಲೆ ತೆಗೆದ ಮಕ್ಕಳು ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಕಂಗಾಲಾಗುವುದು ಇದಕ್ಕೇ. ಬಹಳಷ್ಟು ಮಕ್ಕಳು ಎದ್ದು ನಿಲ್ಲುತ್ತಾರೆ, ಆದರೆ ಎದ್ದು ನಿಲ್ಲಲು ಆಗ ಸಮಯ ಕಡಿಮೆ. ಮಗಳಿಗೆ ವಾಣಿಜ್ಯವೋ ಕಲೆಯೋ ಇಷ್ಟವಾದರೆ ಈ ಚಿಂತೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಯಾವುದಕ್ಕೂ, ಇಲ್ಲೇ ಇರಿಸುವುದಾದರೆ ನೀವೂ ಜೊತೆಗಿರಿ. ಯಜಮಾನರು ವಾರಕ್ಕೊಮ್ಮೆ ಬಂದು ಹೋಗಲಿ, 260 ಕಿಲೋಮೀಟರು, ರೈಲಿಗೇನೂ ಬರವಿಲ್ಲ. ಎರಡು ಮನೆಯ ಖರ್ಚು ಬೀಳುತ್ತದೆ ನಿಜ. ಅಜ್ಜಿ ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ, ಹದಿಮೂರರಿಂದ ಹದಿನಾರರವರೆಗೆ ಹೆಣ್ಣುಮಗುವಿಗೆ ತಾಯಿಯ ಹತ್ತಿರ ಮಾತ್ರ ಹೇಳಿಕೊಳ್ಳುವ ಸಂಗತಿಗಳಿರುತ್ತವೆ. ಇಬ್ಬರೂ ಬೆಂಗಳೂರಿಗೆ ಹೋಗಿ ಮಗಳೊಬ್ಬಳನ್ನು ಇಲ್ಲಿ ಬಿಡುವ ಏರ್ಪಾಡಿಗೆ ನಾನು ಹೂಂ ಅನ್ನಲಾರೆ.

ಮೂರನೆಯದು, ಬೆಂಗಳೂರಿನಲ್ಲೇ ಕನ್ನಡ ಮಾಧ್ಯಮ. ಅಲ್ಲಿ ಕನ್ನಡ ಮಾಧ್ಯಮವೇ ಇಲ್ಲ ಎಂಬುದು ಸುಳ್ಳು. ಸರ್ಕಾರಿ, ಅನುದಾನಿತ ಹೈಸ್ಕೂಲುಗಳಲ್ಲಿ ಇದೆ, ಊರು ಮಾತ್ರ ಬದಲಾಗುತ್ತದೆ, ಶೇ. 5ರ ಮೀಸಲೂ ಉಳಿಯುತ್ತದೆ. ತೊಂದರೆ ಏನೆಂದರೆ ಅಂಥ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಮುಂದಿನ ವರ್ಷ ವಿಭಾಗ ಇರುತ್ತದೆಯೇ ಎಂದು ಮುಖ್ಯಶಿಕ್ಷಕರನ್ನು ನೇರವಾಗಿ ಕೇಳಿಯೇ ಸೇರಿಸಬೇಕು. ಗಟ್ಟಿ ಮೇಷ್ಟ್ರಿರುವ ಶಾಲೆ ನಿಮ್ಮ ಮನೆಯ ಸುತ್ತ ಸಿಕ್ಕರೆ, ಬಂಧುಗಳು ಏನಂದಾರು ಎಂದು ಬಿಟ್ಟುಬಿಡಬೇಡಿ.

ಸಿಬಿಎಸ್‌ಇ ಈಗ ಬೇಡ. ಮೂರೂ ಬದಲಾವಣೆ ಒಟ್ಟಿಗೆ ಆಗುತ್ತವೆ ಎಂಬುದೇ ಮುಖ್ಯ ಕಾರಣ. ಯಜಮಾನರಿಗೆ ಮುಂದೆ ಹೊರರಾಜ್ಯಕ್ಕೆ ವರ್ಗವಾಗುವ ಸಂಭವ ನಿಜವಾಗಿಯೂ ಇದ್ದರೆ ಮಾತ್ರ ಯೋಚಿಸಿ. ಆಗಲೂ ಎಂಟಕ್ಕೇ ಸೇರಿಸಬೇಕು. ಸಿಬಿಎಸ್‌ಇಯಲ್ಲಿ ಒಂಬತ್ತಕ್ಕೆ ಮಂಡಳಿಯ ನೋಂದಣಿ ಆಗುತ್ತದೆ, ರಾಜ್ಯ ಪಠ್ಯಕ್ರಮದಲ್ಲಿ ಒಂಬತ್ತು ಮುಗಿಸಿ ನೇರ ಹತ್ತಕ್ಕೆ ಹೋಗಲು ಬರುವುದಿಲ್ಲ. ಸಿಬಿಎಸ್‌ಇ ಎಂದರೆ ಕನ್ನಡ ಬಿಟ್ಟುಹೋಗುತ್ತದೆ ಎಂದೂ ಕೆಲವರು ಹೇಳಿರಬಹುದು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದಲ್ಲಿರುವ ಎಲ್ಲ ಮಂಡಳಿಗಳ ಶಾಲೆಗಳಿಗೂ ಅನ್ವಯಿಸುತ್ತದೆ. ಹೇಗೆ ಕಲಿಸುತ್ತಾರೆ ಎಂಬುದು ಶಾಲೆಯಿಂದ ಶಾಲೆಗೆ ಬೇರೆ, ಅದು ಬೇರೆಯೇ ಕಥೆ.

ಹೋಗುವುದಾದರೆ ಈ ಜೂನ್, ಇಲ್ಲವಾದರೆ ಎಸ್ಸೆಸ್ಸೆಲ್ಸಿ ನಂತರ. ‘ಈ ವರ್ಷ ನೋಡೋಣ, ಒಂಬತ್ತಕ್ಕೆ ಕರೆದುಕೊಂಡು ಹೋದರಾಯಿತು’ ಎಂಬ ನಡುವಿನ ಯೋಚನೆ ಮಾತ್ರ ಬೇಡ. ಒಂಬತ್ತರಲ್ಲಿ ಮಾಧ್ಯಮ ಬದಲಿಸಿದ ಮಗು ಚೇತರಿಸಿಕೊಳ್ಳುವ ಹೊತ್ತಿಗೆ ಹತ್ತರ ಪೂರ್ವಸಿದ್ಧತಾ ಪರೀಕ್ಷೆ ಬಂದಿರುತ್ತದೆ. ಹಾಗೆಯೇ ಬಾಡಿಗೆ ಮನೆಯ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂದಿರಿ, ಅದು ಒಳ್ಳೆಯದೇ ಆಯಿತು. ಒಂದು ಶನಿವಾರ ಮಗಳನ್ನೂ ಕರೆದುಕೊಂಡು ಹೋಗಿ ಶಾಲೆ ನೋಡಿ, ಶಾಲೆ ಗಟ್ಟಿಯಾದ ಮೇಲೆ ಅದರ ಸುತ್ತಮುತ್ತ ಮನೆ ಹುಡುಕಿ. ಪೀಣ್ಯಕ್ಕೆ ಯಜಮಾನರು ಎಲ್ಲಿಂದ ಬೇಕಾದರೂ ಹೋಗಿ ಬರಬಲ್ಲರು.

ಟಿ.ಸಿ. ಪಡೆಯುವ ದಿನ ಸ್ವಲ್ಪ ಬಿಡುವು ಮಾಡಿಕೊಂಡು ಹೋಗಿ. ಅದರಲ್ಲಿ ಮಗಳ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಇರಬೇಕು, ಇಲ್ಲದಿದ್ದರೆ ಹೊಸ ಶಾಲೆಯಲ್ಲಿ ದಾಖಲಾತಿ ಕಂಪ್ಯೂಟರಿನಲ್ಲಿ ಮುಂದಕ್ಕೆ ಹೋಗುವುದಿಲ್ಲ. ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯೇ, ಜಾತಿ ಮತ್ತು ಉಪಜಾತಿ ನಿಮ್ಮ ಪ್ರಮಾಣಪತ್ರದಲ್ಲಿರುವಂತೆ ಇದೆಯೇ, ತಂದೆತಾಯಿಯ ಹೆಸರು ಸರಿಯಿದೆಯೇ ನೋಡಿ. ಮುಖ್ಯವಾಗಿ ಮಗಳ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಮತ್ತು ಇನಿಷಿಯಲ್ ಆಧಾರ್‌ನಲ್ಲಿರುವಂತೆಯೇ ಇರಬೇಕು. ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಶಾಲಾ ದಾಖಲೆಯ ಹೆಸರೇ. ಅಂಕಪಟ್ಟಿ ಬಂದ ಮೇಲೆ ಒಂದು ಅಕ್ಷರ ತಿದ್ದಿಸಲು ಮಂಡಳಿಗೆ ಅಲೆಯಬೇಕು. ಈಗಾದರೆ ನಿಮ್ಮ ಶಾಲೆಯ ಗುಮಾಸ್ತರು ಕೂತಲ್ಲೇ ತಿದ್ದಿಕೊಡುತ್ತಾರೆ. ಸಹಿ, ಮೊಹರು ಬೀಳುವ ಮುಂಚೆ ಮಗಳ ಕೈಯಲ್ಲೇ ಒಮ್ಮೆ ಪೂರ್ತಿ ಓದಿಸಿ.